ಗುರಿ ತಪ್ಪಿದವರ ಗೋಡೆ

ಆರ್ವೋ ನನಗೆ ಜಿಂಕೆ ಬೇಟೆಗೆ ಬರಬೇಡಿ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿಕೊಂಡು ಖುಷಿಯಿಂದಲೇ ಹೊರಡುತ್ತಿದ್ದೆ. ಅವನು ಫೋನಿನಲ್ಲಿ, ರೋಗಿಯ ಮಂಚದ ಪಕ್ಕ ನಿಂತವನ ಹಾಗೆ ದನಿ ತಗ್ಗಿಸಿ ಮಾತಾಡಿದ.

"ಅತ್ತಿಗೆ, ಅಷ್ಟು ದೂರ ಒಬ್ಬರೇ ಯಾಕೆ ಕಷ್ಟಪಡ್ತೀರ? ಈ ಸಲ ಹಿಮ ಬೇಗ ಶುರುವಾಗಿದೆ. ಮನೇಲೇ ಬೆಚ್ಚಗಿರಿ. ನಿಮ್ಮ ಪಾಲಿನ ಮಾಂಸ ನಾನೇ ಕಟ್ಟಿ ಕಳಿಸ್ತೀನಿ."

ನನ್ನ ಪಾಲಿನ ಮಾಂಸವಂತೆ! ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷಗಳಲ್ಲಿ ಈ ಮೈದುನ ನನ್ನ ಕಾಲೆಳೆಯದೆ ಒಂದು ಮಾತು ಆಡಿದವನಲ್ಲ. ನಾನು ಡೆಟ್ರಾಯಿಟ್‌ನ ಪೋಲಿಷ್ ಮನೆಯ ಹುಡುಗಿ, ಕಾರಿನ ಸೀಟಿಗೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವಳು. ನನ್ನ ಗಂಡನ ಮನೆಯವರು ದೊಡ್ಡ ಸೇತುವೆಯಾಚೆಯ ಉತ್ತರದ ಕಾಡಿನ, ಫಿನ್ಲೆಂಡ್ ಮೂಲದ ಫಿನ್ನರು. "ಸೂಜಿಗೆ ದಾರ ಪೋಣಿಸೋ ಕಣ್ಣಿಗೆ ಅಷ್ಟು ದೊಡ್ಡ ಜಿಂಕೆ ಕಾಣುತ್ತಾ ಅತ್ತಿಗೆ?" ಎಂದು ಪ್ರತಿ ನವೆಂಬರಿನಲ್ಲೂ ಕೇಳುತ್ತಿದ್ದವನು ಈಗ ಬೆಚ್ಚಗಿರಿ ಎನ್ನುತ್ತಿದ್ದಾನೆ.

"ಬರ್ತಿದೀನಿ. ಒಲೆಗೆ ಸೌದೆ ಒಡೆದಿಡು," ಎಂದು ಫೋನು ಕುಕ್ಕಿದೆ.

ಕುಕ್ಕಿದ ಮೇಲೆ ಸೋಫಾದ ಮೇಲೆ ಕೂತು ಸುಮಾರು ಹೊತ್ತು ಅತ್ತೆ. ನನ್ನ ಗಂಡ ಸುಲೋ ತೀರಿಕೊಂಡದ್ದು ಆ ವರ್ಷದ ಮಾರ್ಚಿನಲ್ಲಿ. ನಮಗೆ ಮಕ್ಕಳಿಲ್ಲ. ಮಗನೋ ಮಗಳೋ ಇದ್ದಿದ್ದರೆ ಆ ಮನೆಗೂ ನನಗೂ ನಡುವೆ ರಕ್ತದ ನಂಟೊಂದು ಉಳಿಯುತ್ತಿತ್ತು. ಇದ್ದ ಒಂದೇ ನಂಟು ಸುಲೋ, ಅವನೇ ಹೋದ. ಇನ್ನು ನಾನು ಆ ಮನೆಯವಳೋ ಅಲ್ಲವೋ ಎಂಬುದು ನನ್ನನ್ನು ಬೇಸಿಗೆಯಿಡೀ ಕೊರೆದಿತ್ತು. ನನ್ನ ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರಿಲ್ಲ. ಅವರೂ ಅಲ್ಲವೆಂದರೆ ಈ ಭೂಮಿಯ ಮೇಲೆ ನನ್ನವರೆಂದು ಕರೆಯಲು ಒಬ್ಬರೂ ಇರುವುದಿಲ್ಲ. ಈ ಸಲ ಹೋಗಿ ಕಣ್ಣಾರೆ ನೋಡಿಬಿಡೋಣ, ಅತಿಥಿಯ ಹಾಗೆ ಕೂರಿಸಿದರೆ ಇದೇ ಕೊನೆಯ ಪ್ರಯಾಣ ಎಂದು ಗಟ್ಟಿಮನಸ್ಸು ಮಾಡಿದೆ.

ಸುಲೋನ ಹಳೆಯ ಪಿಕಪ್ ಗಾಡಿಯಲ್ಲಿ ನನ್ನ ಬಂದೂಕು, ಹೊದಿಕೆ, ಬೂಟುಗಳನ್ನು ಹೇರಿದೆ. ಬಾಗಿಲ ಹಿಂದೆ ಅವನ ಅಂಗಿ ತೂಗುತ್ತಿತ್ತು. ಕೆಂಪು ಕಪ್ಪು ಚೌಕುಳಿಯ ದಪ್ಪ ಉಣ್ಣೆಯಂಗಿ, ಬೇಟೆಗೆಂದೇ ಇಟ್ಟದ್ದು. ನಾನು ಅದನ್ನು ಒಗೆದಿರಲಿಲ್ಲ. ಕೊರಳ ಪಟ್ಟಿಯಲ್ಲಿ ಅವನ ಹೊಗೆಸೊಪ್ಪು, ಬಂದೂಕಿನ ಎಣ್ಣೆ, ಬೆವರು ಎಲ್ಲ ಹಾಗೇ ಇತ್ತು. ಅದನ್ನು ತೊಟ್ಟು, ಉದ್ದದ ತೋಳುಗಳನ್ನು ಮಡಚಿಕೊಂಡು ಗಾಡಿ ಹತ್ತಿದೆ.

ಜಿಂಕೆ ಬೇಟೆ ಶುರುವಾಗುವ ನವೆಂಬರ್ ಹದಿನೈದು ನಮ್ಮ ಕಡೆ ಕ್ಯಾಲೆಂಡರಿನಲ್ಲಿ ಕೆಂಪಕ್ಷರವಿಲ್ಲದ ಹಬ್ಬ. ಅದಕ್ಕೆ ಮುಂಚಿನ ದಿನ ಇಡೀ ರಾಜ್ಯ ಉತ್ತರಕ್ಕೆ ವಾಲಿಕೊಳ್ಳುತ್ತದೆ. ಮುಂದೆ ಹಿಂದೆ ನೋಡಿದಷ್ಟು ದೂರವೂ ಗಾಡಿಗಳು. ಪ್ರತಿ ಗಾಡಿಯಲ್ಲೂ ಕಿತ್ತಳೆ ಟೊಪ್ಪಿಗೆಯ ಗಂಡಸರು, ಮೂರು ದಿನದ ಗಡ್ಡ, ಹಿಂದಿನ ಸೀಟಿನಲ್ಲಿ ಬಿಯರ್ ಪೆಟ್ಟಿಗೆ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಮುದುಕ ನನ್ನ ಬಂದೂಕಿನ ಚೀಲ ನೋಡಿ, "ಯಜಮಾನರು ಎಲ್ಲಿ?" ಎಂದ. "ಮುಂದೆ ಹೋಗಿದಾರೆ," ಎಂದೆ. ಅದು ಸುಳ್ಳೇನೂ ಅಲ್ಲವಲ್ಲ ಎಂದು ಗಾಡಿಯೊಳಗೆ ಕೂತು ನಕ್ಕೆ. ನಗು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ದೊಡ್ಡ ಸೇತುವೆಯ ಹತ್ತಿರ ಬರುವಷ್ಟರಲ್ಲಿ ಮಂಜು ಕವಿದಿತ್ತು. ಎರಡು ಸರೋವರಗಳು ಕೂಡುವ ಆ ಜಾಗದಲ್ಲಿ ನೀರೂ ಕಾಣಲಿಲ್ಲ, ಆಚೆ ದಡವೂ ಕಾಣಲಿಲ್ಲ. ಸೇತುವೆಯ ಕಂಬಗಳು ಅರ್ಧಕ್ಕೇ ಮುಗಿದು ಮೇಲೆ ಬಿಳುಪಿನಲ್ಲಿ ಕರಗಿಹೋಗಿದ್ದವು. ಸೇತುವೆಯ ನಡುವಿನ ಸಾಲಿನಲ್ಲಿ ರಸ್ತೆಯ ಬದಲು ಕಬ್ಬಿಣದ ಜಾಲರಿ ಇದೆ, ಇಣುಕಿದರೆ ಕೆಳಗೆ ನೀರು. ಸುಲೋ ಬೇಕೆಂದೇ ಆ ಜಾಲರಿಯ ಮೇಲೆ ಗಾಡಿ ಓಡಿಸುತ್ತಿದ್ದ. ಚಕ್ರಗಳು ಜುಂಯ್ಯೆಂದು ಹಾಡತೊಡಗುತ್ತಿದ್ದವು, ನಾನು ಕಣ್ಣು ಮುಚ್ಚಿ ಅವನ ತೋಳಿಗೆ ಉಗುರು ನೆಡುತ್ತಿದ್ದೆ. ಆ ದಿನ ಕಣ್ಣು ಮುಚ್ಚುವ ಹಾಗಿರಲಿಲ್ಲ, ಗಾಡಿ ಓಡಿಸುತ್ತಿದ್ದವಳು ನಾನೇ. ಆದರೂ ಜಾಲರಿಯ ಮೇಲೇ ಹತ್ತಿಸಿದೆ. ಕೆಳಗೂ ಬಿಳುಪು, ಮೇಲೂ ಬಿಳುಪು, ನಡುವೆ ಆ ಹಾಡು. ನೆಲ ಬಿಟ್ಟು ತೇಲಿದಂತಾಗಿ, ಸೇತುವೆ ಮುಗಿಯದೇ ಇದ್ದರೂ ಆದೀತು ಅನ್ನಿಸಿತು.

ಆಚೆ ದಡದ ಅಂಗಡಿಯಲ್ಲಿ ಪ್ಯಾಸ್ಟಿ ಕೊಂಡೆ. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಸುಟ್ಟ ಕಡುಬು ಅದು, ಗಣಿಗೆ ಇಳಿಯುವವರ ಬುತ್ತಿ. ಅಂಗಡಿಯ ಹುಡುಗಿ, "ಮೇಲೆ ಗೊಜ್ಜು ಹಾಕ್ಲಾ?" ಎಂದಳು. ಗೊಜ್ಜು ಸುರಿದುಕೊಂಡು ತಿನ್ನುವವರ ಜೊತೆ ಸಂಸಾರ ಮಾಡಲಾರೆ ಎಂದು ಸುಲೋ ಮದುವೆಗೆ ಮುಂಚೆಯೇ ಎಚ್ಚರಿಸಿದ್ದ. "ಬೇಡಮ್ಮ, ಟೊಮೆಟೊ ಸಾಸ್ ಕೊಡು ಸಾಕು," ಎಂದೆ.

ಅಲ್ಲಿಂದ ಮುಂದೆ ಜೌಗು ಕಾಡಿನ ನಡುವೆ ಒಂದು ರಸ್ತೆ ಇದೆ. ಒಂದೇ ಒಂದು ತಿರುವಿಲ್ಲ, ಏರಿಲ್ಲ, ಇಳಿವಿಲ್ಲ. ಎರಡೂ ಕಡೆ ಒಣಗಿದ ಕಪ್ಪು ಮರಗಳು, ತಲೆ ಬಾಗಿದ ಹಳದಿ ಹುಲ್ಲು. ಹಿಮ ಮೆಲ್ಲಗೆ ಶುರುವಾಗಿ ಗಾಜಿನ ಮೇಲೆ ನೇರ ನುಗ್ಗಿ ಬರುತ್ತಿತ್ತು. ಅದನ್ನೇ ನೋಡುತ್ತಿದ್ದರೆ ಗಾಡಿ ನಿಂತಿದೆ, ಹಿಮ ಮಾತ್ರ ಓಡಿ ಬರುತ್ತಿದೆ ಅನ್ನಿಸುತ್ತದೆ. ಪ್ಯಾಸ್ಟಿಯ ಬಿಸಿ ಹೊಟ್ಟೆಯಲ್ಲಿ, ಹೀಟರಿನ ಬಿಸಿ ಪಾದದಲ್ಲಿ. ಪಕ್ಕದ ಸೀಟಿನಲ್ಲಿ ಸುಲೋ ಕೂತಿದ್ದ.

ನಾನು ಹೆದರಲಿಲ್ಲ. ಅವನು ಯಾವಾಗಲೂ ಕೂರುವ ಹಾಗೆ ಮೊಣಕಾಲು ಮುಂದಕ್ಕೆ ಒತ್ತಿ ಕೂತಿದ್ದ. ಮೈಮೇಲೆ ಬರೀ ಬನಿಯನ್ನು.

"ಚಳಿ ಆಗಲ್ವಾ?" ಎಂದೆ.

"ನನ್ನ ಅಂಗಿ ನೀನು ಹಾಕ್ಕೊಂಡು ಕೂತಿದೀಯ. ಚಳಿ ಆಗದೆ ಇನ್ನೇನು?"

"ನಿಮ್ಮವರು ನನ್ನ ಬಿಟ್ಟುಬಿಡ್ತಾರೆ ಕಣೋ."

"ಯಾರು ಹೇಳಿದ್ದು?"

"ಮಾಂಸ ಕಟ್ಟಿ ಕಳಿಸ್ತಾನಂತೆ ನಿನ್ನ ತಮ್ಮ."

ಬದುಕಿದ್ದಾಗಲೂ ಕಷ್ಟದ ಮಾತು ಬಂದರೆ ಸುಲೋ ಕಿಟಕಿಯಾಚೆ ನೋಡುತ್ತಿದ್ದ, ಈಗಲೂ ಹಾಗೇ ನೋಡಿದ. ಎದುರಿನ ಲಾರಿಯೊಂದು ದೀಪ ಮಿಟುಕಿಸಿ ಹಾರ್ನ್ ಹೊಡೆಯಿತು. ನನ್ನ ಎಡಗಡೆಯ ಚಕ್ರ ರಸ್ತೆಯ ನಡುಗೆರೆ ದಾಟಿತ್ತು. ತಟ್ಟನೆ ಸ್ಟೀರಿಂಗ್ ಎಳೆದುಕೊಂಡೆ. ಪಕ್ಕದ ಸೀಟಿನಲ್ಲಿ ಪ್ಯಾಸ್ಟಿಯ ಎಣ್ಣೆಕಾಗದ ಮಾತ್ರ ಇತ್ತು. ಮುಂದಿನ ಊರಿನಲ್ಲಿ ಗಾಡಿ ನಿಲ್ಲಿಸಿ ಮುಖಕ್ಕೆ ಹಿಮ ಉಜ್ಜಿಕೊಂಡೆ.

ಬೇಟೆಯ ಬಿಡಾರ ಅತ್ತೆಯ ಮನೆಗಿಂತ ಮೊದಲೇ ಸಿಗುತ್ತದೆ, ಕಾಡಿನೊಳಗೆ. ಮೊದಲು ಬಿಡಾರ, ಮೊದಲ ದಿನದ ಬೇಟೆ ಮುಗಿದ ಮೇಲೆ ಅತ್ತೆಯ ಮನೆಯಲ್ಲಿ ಸೌನಾ, ಅಂದರೆ ಹಬೆಯ ಸ್ನಾನ, ಮತ್ತು ಊಟ. ಇದು ಆ ಮನೆಯ ಕ್ರಮ. ಅತ್ತೆ ಲೆಂಪಿಗೆ ಎಂಬತ್ತರ ಹತ್ತಿರ, ಮೊಣಕಾಲು ಹಿಡಿದುಕೊಂಡ ಮೇಲೆ ಅವರು ಬಿಡಾರದ ಕಡೆ ಬರುತ್ತಿರಲಿಲ್ಲ.

ಮರದ ದಿಮ್ಮಿಗಳ ಆ ಪುಟ್ಟ ಬಿಡಾರದ ಬಾಗಿಲಲ್ಲಿ ಆರ್ವೋ ಮತ್ತು ಓನ್ನಿ ಮಾವ ನಿಂತಿದ್ದರು. ಓನ್ನಿ ಮಾವ ಅತ್ತೆಯ ತಮ್ಮ, ಬಾಯಿಬಡುಕ. ಸೇತುವೆಯ ದಕ್ಷಿಣಕ್ಕಿರುವ ನಾವೆಲ್ಲ ಅವರ ಲೆಕ್ಕದಲ್ಲಿ ಸೇತುವೆ ಕೆಳಗಿನ ದೆವ್ವಗಳು. "ಬಂತಪ್ಪಾ ದೆವ್ವ! ಹೆಣ್ಣು ದೆವ್ವ! ಬೆಳ್ಳುಳ್ಳಿ ತನ್ನಿ!" ಎಂದು ಕೂಗಿಯೇ ಅವರು ಪ್ರತಿ ವರ್ಷ ನನ್ನನ್ನು ಬರಮಾಡಿಕೊಳ್ಳುತ್ತಿದ್ದುದು.

ಈ ಸಲ ಅವರು ಟೊಪ್ಪಿಗೆ ತೆಗೆದರು. "ಬಾರಮ್ಮ ವಾಂಡಾ. ದಾರೀಲಿ ತೊಂದರೆ ಆಗ್ಲಿಲ್ಲ ತಾನೆ?"

ಒಳಗೆ ಕಾಲಿಟ್ಟೆ. ನೆಲ ಗುಡಿಸಿದ್ದರು. ಪಾತ್ರೆ ತೊಳೆದಿದ್ದರು. ಜಿಂಕೆಯ ರಕ್ತ, ಇಸ್ಪೀಟಿನ ಬಿಯರು, ಮೇಣದ ಕಲೆಗಳಿಂದ ಕಪ್ಪಾಗಿದ್ದ ಆ ಮೇಜಿನ ಮೇಲೆ ನೀಲಿ ಹೂವಿನ ಮೇಜುಬಟ್ಟೆ ಹಾಸಿದ್ದರು! ಬೇಟೆಯ ಬಿಡಾರದಲ್ಲಿ ಮೇಜುಬಟ್ಟೆ. ನಾನು ಅತಿಥಿಯಾದೆ ಎಂಬುದಕ್ಕೆ ಇನ್ನೇನು ಬೇಕಿತ್ತು ಸಾಕ್ಷಿ? ಪಾದ್ರಿ ಬಂದರೂ ಇವರು ಇಷ್ಟು ಮಾಡುವವರಲ್ಲ.

ಒಲೆಯ ಪಕ್ಕದ ಒಳ್ಳೆಯ ಮಂಚ ನನಗೆ ಕೊಟ್ಟರು. ಆರ್ವೋ ಒಂದು ಬೈಗುಳವಿಲ್ಲದೆ ಸಂಜೆಯೆಲ್ಲ ಕಳೆದ. ಇಸ್ಪೀಟಾಡುವಾಗ ನಾನು ಗೆಲ್ಲಲೆಂದು ಓನ್ನಿ ಮಾವ ಒಳ್ಳೆಯ ಎಲೆ ಬಚ್ಚಿಟ್ಟದ್ದನ್ನು ಕಂಡೆ. ಮೋಸ ಮಾಡಿ ಸೋಲುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು, ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಮಲಗಿದಲ್ಲಿಂದ ಎದುರಿನ ಗೋಡೆ ಕಾಣುತ್ತಿತ್ತು. ಗೋಡೆಯ ತುಂಬ ಅಂಗಿಗಳ ಬಾಲಗಳು. ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಹೆಸರು ವರ್ಷ ಬರೆದು, ಮೊಳೆ ಹೊಡೆಯುವುದು ಅಲ್ಲಿಯ ಪದ್ಧತಿ. ಅಂಗಿ ಹೊಸದು, ಹೆಂಡತಿ ಬೈತಾಳೆ ಎಂದೆಲ್ಲ ಗೋಗರೆದರೂ ಬಿಡುವುದಿಲ್ಲ. ಸುಲೋನ ತಾತನದೂ ಇದೆ ಆ ಗೋಡೆಯಲ್ಲಿ, ಇಲಿ ತಿಂದು ಉಳಿದದ್ದು. ಎಲ್ಲರಿಗಿಂತ ಹೆಚ್ಚು ಸುಲೋನವೇ. ಅವನು ಜಿಂಕೆಯನ್ನು ಕಂಡರೆ ಉಸಿರು ಕಟ್ಟಿ ನೋಡುತ್ತ ನಿಂತುಬಿಡುತ್ತಿದ್ದ, ಕೊನೆಗೆ ಅದರ ಬಾಲಕ್ಕೆ ಗುಂಡು ಹಾರಿಸುತ್ತಿದ್ದ. ಒಂದು ಮೂಲೆಯಲ್ಲಿ ಮಾಸಿದ ಹಳದಿ ತುಂಡು ನನ್ನದು. ಮದುವೆಯಾದ ವರ್ಷ ಬಂದು ಮೊದಲ ಗುಂಡೇ ತಪ್ಪಿಸಿದ್ದೆ. ಆರ್ವೋ ಆಗ ಎಳೆಯ ಪ್ರಾಯದವನು, ಬ್ರೆಡ್ಡು ಕೊಯ್ಯುವ ಚಾಕುವಿನಲ್ಲಿ ನನ್ನ ಹೊಸ ಅಂಗಿಯ ಅರ್ಧ ಬೆನ್ನನ್ನೇ ಹರಿದುಹಾಕಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಚರ್ಚಿನಲ್ಲಿ ಉಂಗುರ ಹಾಕಿಸಿಕೊಂಡಾಗ ನನಗೆ ಆ ಮನೆಯವಳಾದೆ ಅನ್ನಿಸಿರಲಿಲ್ಲ, ಆ ದಿನ ಅನ್ನಿಸಿತು. ಆಮೇಲೆ ನಾನು ಗುರಿ ತಪ್ಪಿದವಳಲ್ಲ.

ಬೆಳಗಿನ ಜಾವ ಅಟ್ಟಣೆ ಹತ್ತಿ ಕೂತೆ. ಹಳೆಯ ಸೇಬಿನ ತೋಟವೊಂದು ಕಾಡಾಗಿ ಹೋದ ಜಾಗ, ಸುಲೋ ಕೂರುತ್ತಿದ್ದ ಅಟ್ಟಣೆ. ಅದನ್ನೂ ಅವರು ನನಗೇ ಬಿಟ್ಟುಕೊಟ್ಟಿದ್ದರು. ಗಾಳಿ ಇರಲಿಲ್ಲ. ಹಿಮ ಸದ್ದಿಲ್ಲದೆ, ಆತುರವಿಲ್ಲದೆ ಇಳಿಯುತ್ತಿತ್ತು. ಬೆಳಕು ಯಾವಾಗ ಬಂತೆಂದು ತಿಳಿಯಲಿಲ್ಲ. ಕತ್ತಲೆ ಮೆಲ್ಲಗೆ ಬೂದಿಯಾಯಿತು, ಬೂದಿಯಿಂದ ಒಂದೊಂದೇ ಮರ ಹೊರಬಂತು. ದೂರದಲ್ಲಿ ಯಾರದೋ ಬಂದೂಕು ಢಂ ಎಂದದ್ದು ನಿದ್ದೆಯಲ್ಲಿ ಬಾಗಿಲು ಹಾಕಿದಂತೆ ಕೇಳಿಸಿತು. ಅಂಗಿಯ ಕೊರಳಪಟ್ಟಿಯನ್ನು ಮೂಗಿನವರೆಗೆ ಎಳೆದುಕೊಂಡು ಉಸಿರಾಡಿದೆ. ನನ್ನ ಉಸಿರು ಬಿಸಿಯಾಗಿ ಅವನ ವಾಸನೆ ಹೊತ್ತು ಮರಳಿ ಬರುತ್ತಿತ್ತು.

ಜಿಂಕೆ ಬಂದದ್ದನ್ನು ನಾನು ಕಾಣಲಿಲ್ಲ. ನೋಡಿದಾಗ ಅದು ಆಗಲೇ ಅಲ್ಲಿತ್ತು, ಸೇಬಿನ ಮರದ ಕೆಳಗೆ, ಯಾವಾಗಿನಿಂದಲೋ ನಿಂತಿದ್ದ ಹಾಗೆ. ದೊಡ್ಡ ಗಂಡು. ಕೊಂಬಿನ ಮೇಲೆ ಹಿಮ ಕೂತಿತ್ತು. ಅದು ಹಿಂದಿನ ಎರಡು ಕಾಲ ಮೇಲೆ ಎದ್ದು ನಿಂತು, ಕೊಂಬೆಯಲ್ಲಿ ಉಳಿದಿದ್ದ ಸುಕ್ಕುಗಟ್ಟಿದ ಸೇಬೊಂದನ್ನು ತುಟಿಯಲ್ಲಿ ಹಿಡಿದು ಕಿತ್ತಿತು. ಮರದ ಹಿಮವೆಲ್ಲ ಅದರ ಬೆನ್ನ ಮೇಲೆ ಸುರಿಯಿತು. ಅದು ತಿನ್ನುತ್ತ ನನ್ನತ್ತ ನೋಡಿತು. ಬಂದೂಕು ನನ್ನ ಭುಜಕ್ಕೆ ಏರಿತ್ತು, ಗುರಿಯೂ ಕೂತಿತ್ತು. ಆದರೆ ನಾನು ನೋಡುತ್ತಲೇ ಇದ್ದೆ. ಸುಲೋ ಯಾಕೆ ಹಾಗೆ ನಿಂತುಬಿಡುತ್ತಿದ್ದ ಎಂದು ಇಷ್ಟು ವರ್ಷ ಅವನನ್ನು ಗೇಲಿ ಮಾಡಿದವಳಿಗೆ ಆ ಕ್ಷಣ ಅರ್ಥವಾಯಿತು. ಅವನೇ ನನ್ನ ಕಣ್ಣಿನೊಳಗಿಂದ ನೋಡುತ್ತಿದ್ದಾನೆ ಅನ್ನಿಸಿ ಕಣ್ಣು ತುಂಬಿತು. ಜಿಂಕೆ ಕಲಸಿಹೋಗಿ ಎರಡಾಯಿತು. ಅದು ತಿರುಗಿತು, ನಾನು ಗುಂಡು ಹಾರಿಸಿದೆ. ಬಿಳಿ ಬಾಲವೊಂದು ಮೂರು ನೆಗೆತಕ್ಕೆ ಮಾಯವಾಯಿತು.

ಸದ್ದು ಕೇಳಿ ಆರ್ವೋ ಬಂದ. ಇಬ್ಬರೂ ಗೊರಸಿನ ಜಾಡು ಹಿಡಿದು ಹೊಳೆಯ ತನಕ ಹೋದೆವು. ಒಂದು ಹನಿ ರಕ್ತವಿಲ್ಲ, ಒಂದು ಕೂದಲಿಲ್ಲ. ಸೇಬಿನ ಮರದ ಒಂದು ರೆಂಬೆ ಮಾತ್ರ ಮುರಿದು ನೇತಾಡುತ್ತಿತ್ತು.

"ತಪ್ಪಿತು," ಎಂದೆ.

"ಹಿಮ ಬೀಳ್ತಿತ್ತಲ್ಲ," ಎಂದ ಆರ್ವೋ.

ಬಿಡಾರಕ್ಕೆ ಹೋದೆವು. ಓನ್ನಿ ಮಾವ ಕಾಫಿ ಕಾಯಿಸುತ್ತಿದ್ದರು. ಗೋಡೆಯ ಪಕ್ಕ, ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಎಂದಿನ ಮೊಳೆಯಲ್ಲೇ ತೂಗುತ್ತಿತ್ತು. ನಾನು ಕೋಟು ಬಿಚ್ಚಿದೆ, ಅಂಗಿಯ ಬಾಲವನ್ನು ಪ್ಯಾಂಟಿನಿಂದ ಹೊರಗೆಳೆದು, ಮೇಜಿನ ಪಕ್ಕ ಅವರಿಗೆ ಬೆನ್ನು ಮಾಡಿ ನಿಂತೆ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ಈಗ ಬೈಯುತ್ತಾರೆ, ಈಗ ನಗುತ್ತಾರೆ ಎಂದು ಬೆನ್ನು ಬಿಗಿಹಿಡಿದು ಕಾದೆ.

ಯಾರೂ ಏಳಲಿಲ್ಲ. ಕಾಫಿ ಉಕ್ಕಿ ಒಲೆಗೆ ಚೆಲ್ಲಿದ ಸದ್ದು ಕೇಳಿತು.

"ಏನು, ಕತ್ತರಿ ಮೊಂಡಾಗಿದೆಯಾ?" ಎಂದೆ.

"ಕೂತ್ಕೋಮ್ಮ," ಎಂದರು ಓನ್ನಿ ಮಾವ. "ಕಾಫಿ ಕುಡಿ. ಯಾರಿಗಾದ್ರೂ ತಪ್ಪುತ್ತೆ."

"ಯಾರಿಗಾದ್ರೂ ತಪ್ಪಿದ್ರೆ ಯಾರದಾದ್ರೂ ಕತ್ತರಿಸ್ತೀರಲ್ಲ?"

ತಿರುಗಿ ನೋಡಿದೆ. ಆರ್ವೋ ನೆಲ ನೋಡುತ್ತಿದ್ದ. "ಈ ವರ್ಷ ಬೇಡ ಅತ್ತಿಗೆ. ನಿಮಗೆ ಆಗಿರೋದೇ ಸಾಕು."

"ಆರ್ವೋ, ಕತ್ತರಿ ತಗೋ."

"ಆಗಲ್ಲ ಅತ್ತಿಗೆ. ದಮ್ಮಯ್ಯ ಅಂತೀನಿ, ಬಿಡಿ."

ಅವನು ಹೇಗೆ ಬೇಡಿಕೊಂಡನೆಂದು ನನಗೆ ಕೇಳಿಸಲಿಲ್ಲ, ಸಿಟ್ಟಿನಲ್ಲಿ ಕಿವಿ ಗುಂಯ್ಗುಡುತ್ತಿತ್ತು. ಮೇಜುಬಟ್ಟೆಯನ್ನು ಹಿಡಿದೆಳೆದೆ. ಬಟ್ಟಲುಗಳು ಉರುಳಿ ಒಂದು ಒಡೆಯಿತು. "ನಿಮ್ಮ ಕನಿಕರ ನೀವೇ ಇಟ್ಕೊಳ್ಳಿ!" ಎಂದು ಕೋಟು ಹೊದ್ದು, ಬಟ್ಟೆಯ ಚೀಲ ಹೆಗಲಿಗೇರಿಸಿ ಹೊರಬಂದೆ. ಕಾಡಿನ ದಾರಿಯಲ್ಲಿ ಅಳುತ್ತ ನಡೆದೆ. ಹಿಮ ನನ್ನ ಹೆಜ್ಜೆಗಳನ್ನು ಹಿಂದೆಯೇ ಮುಚ್ಚುತ್ತ ಬರುತ್ತಿತ್ತು, ನಾನು ಅಲ್ಲಿ ಬಂದೇ ಇಲ್ಲವೇನೋ ಎಂಬಂತೆ. ಅತ್ತೆಗೆ ಮುಖ ತೋರಿಸಿ ಆ ಸಂಜೆಯೇ ಹೊರಟುಬಿಡುವುದೆಂದು ತೀರ್ಮಾನಿಸಿದೆ.

ಅತ್ತೆಯ ಹಿತ್ತಿಲಿನ ಸೌನಾದ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ಮೊದಲು ಹೆಂಗಸರ ಸ್ನಾನ, ಆಮೇಲೆ ಗಂಡಸರದು. ಅತ್ತೆ ಬಾಗಿಲಲ್ಲಿ ಕೋಲೂರಿ ನಿಂತಿದ್ದರು. ಮಾರ್ಚಿಗಿಂತ ಕುಗ್ಗಿದ್ದರು. ನನ್ನನ್ನು ಅಪ್ಪಿಕೊಳ್ಳಲಿಲ್ಲ, ಅಪ್ಪಿಕೊಳ್ಳುವ ಪೈಕಿ ಅವರಲ್ಲ. "ಬಟ್ಟೆ ಬಿಚ್ಚು, ಕಲ್ಲು ಕಾದಿದೆ," ಎಂದರು.

ಒಳಗೆ ಕತ್ತಲು, ದೇವದಾರಿನ ವಾಸನೆ. ಮೇಲಿನ ಹಲಗೆಯ ಮೇಲೆ ಇಬ್ಬರೂ ಟವಲು ಸುತ್ತಿ ಕೂತೆವು. ಅತ್ತೆ ಕಾದ ಕಲ್ಲಿಗೆ ನೀರೆರಚಿದರು. ಹಬೆ ಸುಂಯ್ಯೆಂದು ಎದ್ದು ಮೈಯನ್ನು ತಬ್ಬಿತು. ಎದುರಿನ ಗೋಡೆ ಹೋಯಿತು, ಅತ್ತೆಯ ಮುಖ ಹೋಯಿತು, ನನ್ನ ಮಂಡಿಗಳೇ ನನಗೆ ಕಾಣದಾದವು. ಬೆಳಗಿನಿಂದ ಗಂಟು ಹಾಕಿಕೊಂಡಿದ್ದ ಎದೆ ಸಡಿಲವಾಯಿತು. ಆ ಬಿಳುಪಿನೊಳಗಿಂದ ಅತ್ತೆಯ ದನಿ ಬಂತು.

"ಬೆಳಿಗ್ಗೆ ಸೇಬಿನ ತೋಟದ ಕಡೆ ಒಂದೇ ಒಂದು ಗುಂಡಿನ ಸದ್ದು ಕೇಳ್ತು. ಯಾರದು?"

"ನಂದು ಅತ್ತೆ."

"ಬಿತ್ತಾ?"

"ಇಲ್ಲ. ತಪ್ಪಿತು."

"ಅಷ್ಟು ಹತ್ತಿರದಲ್ಲಿ ತಪ್ಪಿಸಿದ್ಯಾ? ಕುರುಡಿ."

ಆ ಬೈಗುಳ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಹಬೆಯಲ್ಲಿ ಅದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅತ್ತೆ ಇನ್ನೊಮ್ಮೆ ನೀರೆರಚಿದರು.

"ಆಚೆ ಗೂಟದಲ್ಲಿ ಅಂಗಿ ನೋಡಿದೆ. ಬಾಲ ಹಾಗೇ ಇದೆಯಲ್ಲ?"

"ಅವರು ಕತ್ತರಿಸಲಿಲ್ಲ."

"ಯಾಕೆ?"

"ನಾನು ನಿಮ್ಮವಳಲ್ಲ ಅಂತ," ಎಂದುಬಿಟ್ಟೆ. ಆಮೇಲೆ ಮಾತು ನಿಲ್ಲಲಿಲ್ಲ. ಮೇಜುಬಟ್ಟೆ, ಸೋತ ಇಸ್ಪೀಟು, ಕಟ್ಟಿ ಕಳಿಸುವ ಮಾಂಸ, ಎಲ್ಲ ಹೇಳಿದೆ. "ಸುಲೋ ಇಲ್ಲ, ಒಂದು ಮಗುವೂ ಇಲ್ಲ. ನಾನು ಯಾವ ಲೆಕ್ಕದಲ್ಲಿ ಇಲ್ಲಿಗೆ ಬರಲಿ ಅತ್ತೆ? ಅವರು ತುಂಬ ಒಳ್ಳೆಯವರ ಥರ ನಡ್ಕೊಂಡ್ರು. ನಂಗೆ ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ."

ಕಲ್ಲುಗಳು ಚಟಚಟ ಎಂದವು.

"ಪೆದ್ದಿ," ಎಂದರು ಅತ್ತೆ. "ಅವರಿಗೆ ಕೈ ಬರದೇ ಇದ್ದದ್ದು ನಿನ್ನ ನೋಡಿ ಅಲ್ಲ. ಅಂಗಿ ನೋಡಿ."

ನನಗೇ ದುಃಖವೆಲ್ಲ ಸೇರಿದ್ದೆಂಬಂತೆ ಆ ಅಂಗಿಯನ್ನು ತೊಟ್ಟು ಆ ಬಾಗಿಲಲ್ಲಿ ಹೋಗಿ ನಿಂತಿದ್ದೆ. ನಾನು ಗಾಡಿ ಇಳಿದಾಗ ಆರ್ವೋನ ಕಣ್ಣಿಗೆ ಮೊದಲು ಬಿದ್ದದ್ದು ಅಣ್ಣನ ಅಂಗಿ. ಓನ್ನಿ ಮಾವ ಟೊಪ್ಪಿಗೆ ತೆಗೆದದ್ದು ನನಗಲ್ಲ. ಅಣ್ಣನ ಬೆನ್ನಿಗೆ ಕತ್ತರಿ ಹಾಕು ಎಂದು ತಮ್ಮನಿಗೆ ನಾನು ಹೇಳಿದ್ದೆ.

"ಮೇಜುಬಟ್ಟೆ?" ಎಂದೆ ಮೆಲ್ಲಗೆ.

"ಅದು ನಾನು ಕಳಿಸಿದ್ದು. ಆ ಮೇಜು ಕೊಳಕಾಗಿದೆ ಅಂತ ಇಪ್ಪತ್ತು ವರ್ಷದಿಂದ ಬಡ್ಕೋತಿದೀನಿ, ಈ ಸಲ ಹಾಸಿದ್ರು. ನೀನು ಎಳೆದು ಬಿಸಾಕಿದ್ಯಾ?" ಹಬೆಯೊಳಗೆ ಅತ್ತೆ ನಕ್ಕ ಸದ್ದು ಕೇಳಿತು. "ಮಾತು ಮೆತ್ತಗಾಗಿದ್ದು ಮಾತ್ರ ಅವರ ತಪ್ಪು. ಗಂಡಸರಿಗೆ ಸಾವಿನ ಮನೇಲಿ ನಗೋದು ಹೇಗೆ ಅಂತ ಗೊತ್ತಾಗಲ್ಲ. ಏಳು, ಕಲ್ಲು ಆರ್ತಿದೆ."

ಮೈ ಒರೆಸಿಕೊಂಡು ನನ್ನ ಬೇರೆ ಬಟ್ಟೆ ತೊಟ್ಟೆ. ಅತ್ತೆ ಆ ಅಂಗಿಯನ್ನು ಗೂಟದಿಂದ ತೆಗೆದು, ಹೆಗಲ ಮೇಲೆ ಹಾಕಿಕೊಂಡು, ಕೋಲೂರಿ ಮನೆಯೊಳಗೆ ನಡೆದರು. ಅಡುಗೆಮನೆಯಲ್ಲಿ ಆರ್ವೋ, ಓನ್ನಿ ಮಾವ ಮೀನಿನ ಸಾರಿನ ಮುಂದೆ ಕೂತಿದ್ದರು. ನನ್ನನ್ನು ಕಂಡು ಇಬ್ಬರೂ ಎದ್ದು ನಿಂತರು.

"ಕೂತ್ಕೊಳ್ರೋ," ಎಂದರು ಅತ್ತೆ. "ಈ ಮನೇಲಿ ಯಾರು ಗುರಿ ತಪ್ಪಿದ್ರೂ ಕತ್ತರಿಸೋದು. ಆರ್ವೋ, ನಿಮ್ಮಪ್ಪ ತನ್ನ ಮದುವೆ ಸೂಟಿನ ಕೋಟನ್ನೇ ಕತ್ತರಿಸಿಕೊಂಡಿದಾನೆ. ಇವಳಿಗೆ ಯಾಕೋ ರಿಯಾಯಿತಿ?"

"ಅಮ್ಮಾ, ಅದು ಸುಲೋಂದು," ಎಂದ ಆರ್ವೋ.

"ಗೊತ್ತು. ಹೊಲಿದೋಳು ನಾನು. ಬಾಲ ಇಷ್ಟು ಉದ್ದ ಯಾಕಿಟ್ಟಿದ್ದೆ ಅನ್ಕೊಂಡಿದೀಯ? ಆ ಮುಂಡೇದು ವರ್ಷ ವರ್ಷ ತಪ್ಪಿಸ್ತಿತ್ತು, ಎಷ್ಟು ಕತ್ತರಿಸಿದ್ರೂ ಇನ್ನಷ್ಟು ಉಳೀಲಿ ಅಂತ."

ಆರ್ವೋ ನಗಲು ಹೋಗಿ ಅತ್ತುಬಿಟ್ಟ. ಐವತ್ತು ದಾಟಿದ ಗಂಡಸು, ತೋಳಿನಲ್ಲಿ ಮೂಗೊರೆಸಿಕೊಂಡು ಮಗುವಿನ ಹಾಗೆ ಅತ್ತ. ನಾನು ಹೋಗಿ ಅವನ ತಲೆಯನ್ನು ಹೊಟ್ಟೆಗೊತ್ತಿಕೊಂಡೆ. "ತಪ್ಪಾಯ್ತು ಕಣೋ," ಎಂದೆ. "ಸುಮ್ಮನಿರಿ ಅತ್ತಿಗೆ," ಎಂದ ಅವನು, "ಒಡೆದಿದ್ದು ನನ್ನ ಬಟ್ಟಲು."

ಅತ್ತೆ ಡ್ರಾಯರಿನಿಂದ ಹೊಲಿಗೆಯ ಕತ್ತರಿ ತೆಗೆದು ಮೇಜಿನ ಮೇಲೆ ಅಂಗಿಯನ್ನು ಹರಡಿದರು. ಕತ್ತರಿಸುವ ಮುಂಚೆ ಬಗ್ಗಿ ಕೊರಳಪಟ್ಟಿಯಲ್ಲಿ ಮುಖವಿಟ್ಟರು. ಹಾಗೇ ಇದ್ದರು. ಆ ವಾಸನೆಯನ್ನು ನಾನು ಎಂಟು ತಿಂಗಳು ಒಬ್ಬಳೇ ಬಾಗಿಲ ಹಿಂದೆ ಇಟ್ಟುಕೊಂಡಿದ್ದೆ. ಅವರಿಗೆ ಹೆತ್ತ ಮಗನದು ಅಂತ ಒಂದು ಕರವಸ್ತ್ರವನ್ನೂ ಕಳಿಸಿರಲಿಲ್ಲ. ನಾಚಿಕೆಯಿಂದ ನನ್ನ ಮುಖ ಕೆಂಪಾಯಿತು.

ಅವರು ತಲೆಯೆತ್ತಿ, ಹಿಂದಿನ ಬಾಲವನ್ನು ಈ ತುದಿಯಿಂದ ಆ ತುದಿಗೆ ಕತ್ತರಿಸಿದರು. ಕತ್ತರಿ ದಪ್ಪ ಉಣ್ಣೆಯಲ್ಲಿ ಕಚಕಚ ಎನ್ನುತ್ತ ಸಾಗಿತು. ಓನ್ನಿ ಮಾವ ಬಡಗಿಯ ಪೆನ್ಸಿಲ್ ತೆಗೆದು, "ಯಾರ ಹೆಸರು ಬರೀಲಿ?" ಎಂದರು.

"ತಪ್ಪಿಸಿದೋಳ ಹೆಸರು ಬರಿ," ಎಂದರು ಅತ್ತೆ. "ದೊಡ್ಡದಾಗಿ ಬರಿ. ಕುರುಡಿ, ಕಾಣಬೇಕಲ್ಲ ಅವಳಿಗೆ."

ಊಟವಾದ ಮೇಲೆ ಆರ್ವೋ ಕಾಡಿನ ದಾರಿಯಲ್ಲಿ ಲಾಟೀನು ಹಿಡಿದು ಹೋಗಿ ಅದನ್ನು ಗೋಡೆಗೆ ಹೊಡೆದು ಬಂದ. ಯಾವ ಜಾಗದಲ್ಲಿ ಹೊಡೆದೆ ಎಂದು ನಾನು ಕೇಳಲಿಲ್ಲ. ಆ ರಾತ್ರಿ ಸೋಫಾದ ಮೇಲೆ ಕನಸಿಲ್ಲದ ನಿದ್ದೆ ಬಂತು.

ಕಣ್ಣು ಬಿಟ್ಟಾಗ ಬಿಸಿಲಿತ್ತು. ಕಿಟಕಿಯಾಚೆ ಇಡೀ ಲೋಕ ಹಿಮದಲ್ಲಿ ಹೊಳೆಯುತ್ತಿತ್ತು. ಒಲೆಯ ಮುಂದೆ ಅತ್ತೆ ಬೆನ್ನು ಮಾಡಿ ನಿಂತು ಕಾಫಿ ಸೋಸುತ್ತಿದ್ದರು. ಮೈಮೇಲೆ ಸುಲೋನ ಅಂಗಿ, ತೋಳುಗಳು ಬೆರಳ ತುದಿಯವರೆಗೆ ಇಳಿದಿದ್ದವು, ಹಿಂದೆ ಬಾಲವಿಲ್ಲದೆ ಸೊಂಟದವರೆಗೆ ಬೋಳು. ನಾನು ಎದ್ದದ್ದು ಅವರಿಗೆ ಗೊತ್ತಾಯಿತು. ಅವರು ತಿರುಗಲಿಲ್ಲ.

"ಇದು ನನ್ನ ಹತ್ತಿರ ಇರಲಿ," ಎಂದರು. "ಬೇಕಾದ್ರೆ ಮುಂದಿನ ವರ್ಷ ಬಂದು ಕೇಳು."

"ಇರಲಿ ಅತ್ತೆ."

"ಮತ್ತೆ ಸರಿಯಾಗಿ ಗುರಿ ಇಡೋದು ಕಲ್ತ್ಕೊಂಡು ಬಾ. ನೀನು ತಪ್ಪಿಸಿದ್ದಕ್ಕೆ ಇಲ್ಲಿ ನನ್ನ ಸೊಂಟಕ್ಕೆ ಚಳಿ ಹೊಡೀತಿದೆ."

ನಾನು ನನ್ನ ಹೊದಿಕೆಯನ್ನು ಎತ್ತಿಕೊಂಡು ಹೋಗಿ ಅವರ ಸೊಂಟಕ್ಕೆ ಸುತ್ತಿದೆ.